ಫರ್ನೇಸಿನೊಳಗಿನ ಘರ್ಮ

ತಮಿಳುನಾಡಿನ ಗಡಿಗೆ ಅಂಟಿದ ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ಲೋಹ ಕಾಯಿಸುವ ಕುಲುಮೆಗೆ ಈಗ ಸಲ್ಲುವ ಹೆಸರು ಫರ್ನೇಸ್. ಇಂಗ್ಲಿಷಿನ ಮೂಲಕ ಬಂದ ಈ ಪದದ ತವರು ಲ್ಯಾಟಿನ್ನಿನ ಫೋರ್ನಾಕ್ಸ್, ಅಂದರೆ ಒಲೆ ಅಥವಾ ಗೂಡು. ಫೋರ್ನಾಕ್ಸ್ ಎಂಬ ಹೆಸರಿನ ದೇವತೆಯೂ ರೋಮನ್ನರಿಗಿದ್ದಳು, ಧಾನ್ಯ ಹುರಿಯುವ ಒಲೆಗಳಿಗಾಗಿ ಅವರು ಫೆಬ್ರವರಿಯಲ್ಲಿ ಫೋರ್ನಾಕಾಲಿಯಾ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. ಆಯುಧಪೂಜೆಯ ದಿನ ಯಂತ್ರಗಳ ಮುಂದೆ ಬೂದುಗುಂಬಳ ಒಡೆಯುವ ಜನಕ್ಕೆ ಇದೇನೂ ವಿಚಿತ್ರವೆನಿಸದು.

ಫೋರ್ನಾಕ್ಸಿನ ಹತ್ತಿರದ ನೆಂಟ ಬೆಚ್ಚಗಿನದು ಎಂಬರ್ಥದ ಫೋರ್ಮುಸ್ ಎಂಬ ಹಳೆಯ ಗುಣವಾಚಕ. ಸಂಸ್ಕೃತದ ಘರ್ಮ, ಪಾರಸಿಯ ಗರ್ಮ್, ಗ್ರೀಕಿನ ಥೆರ್ಮೋಸ್ ಇವು ಅದರ ಜ್ಞಾತಿಪದಗಳು, ಎಂದರೆ ಒಂದೇ ಮೂಲಧಾತುವಿನಿಂದ ಬೇರೆ ಬೇರೆ ಭಾಷೆಗಳಲ್ಲಿ ಬೆಳೆದ ದಾಯಾದಿಗಳು. ವೇದದ ಪ್ರವರ್ಗ್ಯ ವಿಧಿಯಲ್ಲಿ ಕಾಯಿಸಿ ಅರ್ಪಿಸುವ ಹಾಲಿಗೆ ಘರ್ಮವೆಂದೇ ಹೆಸರು. ಹೀಗಾಗಿ ಕಾರ್ಖಾನೆಯ ಫರ್ನೇಸ್, ಕ್ಯಾಂಟೀನಿನ ಗರಂ ಮಸಾಲೆ, ಚಹಾ ತುಂಬಿದ ಥರ್ಮಾಸ್ ಮೂರೂ ಒಂದೇ ಮನೆತನದವು.

ಆದರೆ ದಾಯಾದಿಗಳ ಕಾವು ಒಂದೇ ಮಟ್ಟದಲ್ಲಿರುವುದಿಲ್ಲ ಎಂಬುದೇ ಈ ಪದಗಳ ನಿಜವಾದ ಸ್ವಾರಸ್ಯ. ತಾಪ, ತಪಸ್ಸುಗಳನ್ನು ಕೊಟ್ಟ ಧಾತುವೇ ಲ್ಯಾಟಿನ್ನಿನಲ್ಲಿ ಟೆಪಿಡುಸ್ ಆಗಿ, ಕನ್ನಡಿಗರು ಬೆರಳದ್ದಿ ನೋಡಿ ಉಗುರುಬೆಚ್ಚಗಿದೆ ಎನ್ನುವ ಮಟ್ಟಕ್ಕೆ ಇಳಿದಿದೆ. ಸಂಸ್ಕೃತದಲ್ಲಿ ದಹಿಸುವ ಧಾತುವಿನ ಕಥೆ ಇನ್ನೂ ಸೊಗಸು: ಅದೇ ಲ್ಯಾಟಿನ್ನಿನಲ್ಲಿ ಫೋವೆರೆ, ಅಂದರೆ ಬೆಚ್ಚಗಿಟ್ಟು ಸಲಹು ಎಂಬ ಕ್ರಿಯಾಪದವಾಗಿದ್ದು, ಅದರಿಂದ ಹುಟ್ಟಿದ ಫೋಮೆಂಟುಮ್ ಎಂಬ ನಾಮಪದಕ್ಕೆ ನೋವಿರುವ ಕಡೆ ಬಿಸಿಬಟ್ಟೆಯಿಂದ ಕೊಡುವ ಶಾಖ ಎಂದರ್ಥ. ಒಂದು ಕಡೆ ಚಿತೆಗೆ ಸಂದ ಧಾತು ಇನ್ನೊಂದು ಕಡೆ ಕಾವಿಗೆ ಕೂತ ಹಕ್ಕಿಗೆ ಸಂದಿತು. ಬಿಸಿಯನ್ನು ಹೇಳುವ ಲ್ಯಾಟಿನ್ನಿನ ಉಳಿದ ಪದಗಳಲ್ಲಿ ಕಾಲೊರ್ ಸಾಮಾನ್ಯ ಬಿಸಿ, ಇಂದಿನ ಕ್ಯಾಲೊರಿಯ ಮೂಲ. ಫೆರ್ವೊರ್ ಕುದಿತ, ಆರ್ದೊರ್ ಉರಿ. ಐಸ್ಟುಸ್ ಎಂಬುದು ಬೇಗೆಯೂ ಹೌದು, ಕಡಲಿನ ಉಬ್ಬರವೂ ಹೌದು.

ಕನ್ನಡದ ಸ್ವಂತ ಬಿಸಿ ಈ ಮನೆತನದ್ದಲ್ಲ. ಬರೋ ಮತ್ತು ಎಮನೋ 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶ ತೋರಿಸುವಂತೆ ಬೇ, ಬಿಸಿ, ಬಿಸಿಲು, ಬೆಚ್ಚನೆ, ಬೇಗೆ, ಬೇಸಿಗೆ ಎಲ್ಲವೂ ಒಂದೇ ಬಳಗ. ಪದದ ಮೊದಲಲ್ಲಿದ್ದ ಹಳೆಯ ವಕಾರ ಕನ್ನಡದಲ್ಲಿ ಬಕಾರವಾದದ್ದರಿಂದ ತಮಿಳಿನ ವೆಯಿಲ್ ಇಲ್ಲಿ ಬಿಸಿಲಾಗಿದೆ, ತೆಲುಗಿನ ವೆಚ್ಚನಿ ಬೆಚ್ಚನೆಯಾಗಿದೆ. ಮೂರೂ ಭಾಷೆಗಳು ಬೆರೆಯುವ ಅತ್ತಿಬೆಲೆಯಲ್ಲಿ ಇದನ್ನು ತಿಳಿಯಲು ಕೋಶವೇ ಬೇಕೆಂದಿಲ್ಲ, ಚಹಾದಂಗಡಿ ಸಾಕು. ಅಲ್ಲಿ ತೆಲುಗಿನವರ ವೇಡಿ ಈ ಬಳಗಕ್ಕೇ ಸೇರಿದರೆ, ತಮಿಳರು ಬಿಸಿ ಚಹಾಕ್ಕೆ ಸಲೀಸಾಗಿ ಬಳಸುವ ಸೂಡು ಕನ್ನಡದ ಸುಡು ಎಂಬುದರ ನೆಂಟ. ಗಡಿಯಾಚೆ ಹಿತವಾಗಿ ಗುಟುಕರಿಸುವ ಪದ ಈಚೆ ನಾಲಗೆಯನ್ನು ಸುಡುತ್ತದೆ.