ಗೇಜ್ ನೋಡೋರು ಯಾರು?

2024ರ ನವೆಂಬರ್. ಬಾಕುವಿನಲ್ಲಿ ಹವಾಮಾನ ಶೃಂಗಸಭೆ ಮುಗಿದ ದಿನ ನಾನು ಮಸ್ಕಿ ಹತ್ತಿರ ನಮ್ಮ ಮಾವನ ಹೊಲದಾಗಿದ್ದೆ. ಮೊಬೈಲ್ ನೋಡಿ, "ಮಾವಾ, 2035ರ ಹೊತ್ತಿಗೆ ಬಡದೇಶಗಳಿಗೆ ವರ್ಷಕ್ಕ 300 ಬಿಲಿಯನ್ ಡಾಲರ್ ಕೊಡಸ್ತಾರಂತ" ಅಂದೆ. ಅವರು ಕಾಲುವೆ ಕಡೆ ನೋಡಿಕೋತ, "ಅಂದಾರ ಖರೆ. ಗೇಜ್ ನೋಡೋರು ಯಾರಪಾ ಅಳಿಯಾ?" ಅಂದರು.

ಬೆಂಗಳೂರಿನ ಗೆಳೆಯರಿಗೆ ಈ ಗೇಜ್ ಅಂದರೇನು ಅಂತ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಮೊದಲು ಗಂಗಾವತಿ, ಕಾರಟಗಿ, ಆಮೇಲೆ ಸಿಂಧನೂರು, ಅದಾದ ಮೇಲೆ ಮಸ್ಕಿ, ಮಾನ್ವಿ, ರಾಯಚೂರು. ಕಾಲುವೆ ಯೋಜಿಸಿದ್ದು ಬಹುಪಾಲು ಕಡಿಮೆ ನೀರಿನ ಬೆಳೆಗೆ. ಮೇಲಿನವರು ಭತ್ತ ಹಚ್ಚಿದರು. ಪ್ರತಿ ಹಂಗಾಮಿಗೂ ನೀರಾವರಿ ಸಲಹಾ ಸಮಿತಿ ಕೂತು ಎಷ್ಟು ಕ್ಯೂಸೆಕ್, ಯಾವತ್ತಿನವರೆಗೆ ಅಂತ ತೀರ್ಮಾನಿಸುತ್ತದೆ. ಕಾಗದದ ಮೇಲೆ ಕೊನೆಯ ಹೊಲಕ್ಕೂ ಪಾಲಿದೆ. ಆದರೆ ನೀರು ಮುಟ್ಟುವುದು ಕಾಲುವೆಯಲ್ಲಿ ನೀರಿನ ಮಟ್ಟ, ಅಂದರೆ ಗೇಜ್, ಕಾಯ್ದಾಗ ಮಾತ್ರ. ಅಧಿಕಾರಿಗಳು, ಪೊಲೀಸರು ದಂಡೆ ಮೇಲೆ ಓಡಾಡಿ ಅಕ್ರಮ ಪಂಪ್‌ಸೆಟ್ ಕೀಳಿಸಿದಾಗ ಮಾತ್ರ.

2015ರ ಪ್ಯಾರಿಸ್ ಒಪ್ಪಂದ ನನಗೆ ಗೇಜ್ ಇಲ್ಲದ ಕಾಲುವೆಯ ಹಾಗೆ ಕಾಣುತ್ತದೆ. ಪ್ರತಿ ದೇಶ ತನ್ನ ಗುರಿ ತಾನೇ ಬರೆದುಕೊಳ್ಳುತ್ತದೆ, ವರದಿ ಕೊಡುತ್ತದೆ. ತಪ್ಪಿದರೆ ದಂಡ ಇಲ್ಲ. 1987ರ ಮಾಂಟ್ರಿಯಲ್ ಒಪ್ಪಂದ ಓಜೋನ್ ಪದರ ಉಳಿಸಿತಲ್ಲ, ಅದಕ್ಕೆ ಹಲ್ಲಿತ್ತು: ಒಪ್ಪದ ದೇಶಗಳ ಜೊತೆ ಆ ಅನಿಲಗಳ ವ್ಯಾಪಾರ ಬಂದ್, ಬಡದೇಶಗಳಿಗೆ ಪ್ರತ್ಯೇಕ ನಿಧಿ. ನಮ್ಮ ಮಸ್ಕಿ ಬಂಡೆಯ ಮೇಲೆ ಶಾಸನ ಬರೆಸಿದ ಅಶೋಕ ಕೂಡ ಕಲ್ಲಿನ ಮೇಲೆ ಕೆತ್ತಿಸಿ ಸುಮ್ಮನಾಗಲಿಲ್ಲ. ಊರೂರಿಗೆ ಮಹಾಮಾತ್ರರನ್ನು ಕಳಿಸಿದ.

ಹಾಗಂತ ಸಭೆಗಳೆಲ್ಲ ಬರೀ ಟೈಂಪಾಸ್ ಅನ್ನೋದು ಸುಲಭದ ಸಿನಿಕತನ. ಪ್ಯಾರಿಸ್‌ಗೆ ಮುಂಚೆ ಶತಮಾನದ ಕೊನೆಗೆ ಭೂಮಿ 4 ಡಿಗ್ರಿಯ ಹತ್ತಿರ ಕಾಯುತ್ತದೆ ಅನ್ನುವ ಅಂದಾಜಿತ್ತು. ವಿಶ್ವಸಂಸ್ಥೆಯ 2025ರ ವರದಿ ಪ್ರಕಾರ ಈಗಿನ ನೀತಿಗಳಲ್ಲೇ ಹೋದರೆ 2.8. ಇಳಿದಿದೆ. ಸಾಲದು, ಆದರೆ ಇಳಿದಿದೆ.

ಇನ್ನು ಬರೀ ಅಮೆರಿಕ, ಯೂರೋಪನ್ನು ಬೈದರೆ ಮುಗೀತಾ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಕರ್ನಾಟಕ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಬಂದದ್ದು ಸುಮಾರು 3,454 ಕೋಟಿ. ಬೆಂಗಳೂರು–ದೆಹಲಿ ನಡುವೆಯೇ ಈ ಗತಿ ಅಂದಮೇಲೆ, 2022ರಲ್ಲಿ ಘೋಷಿಸಿದ 'ನಷ್ಟ ಮತ್ತು ಹಾನಿ' ನಿಧಿಯ ದುಡ್ಡು ಲಿಂಗಸುಗೂರಿಗೆ ಯಾವಾಗ ಬಂದೀತು? ಅಲ್ಲಿನ ತೊಗರಿ, ಸಜ್ಜೆ ಮಳೆ ಕಾಯುತ್ತವೆ. ಅದೇ ತಾಲ್ಲೂಕಿನಲ್ಲಿ ಕೃಷ್ಣೆ ತುಂಬಿ ಬಂದರೆ ಶೀಲಹಳ್ಳಿ ಸೇತುವೆ ಮುಳುಗಿ ನಡುಗಡ್ಡೆಯ ಜನ ಆಚೆಯೇ ಉಳಿಯುತ್ತಾರೆ.

ನಮ್ಮದೂ ಪಾಲಿದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದ ಮೀಥೇನ್ ಏಳುತ್ತದೆ. 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದ ಮೀಥೇನ್ ಕಡಿತದ ಪ್ರತಿಜ್ಞೆಗೆ ಭಾರತ ಸಹಿ ಹಾಕಲಿಲ್ಲ. ಸಣ್ಣ ರೈತನ ಹೊಟ್ಟೆಪಾಡು ಅನ್ನುವ ವಾದ ಸುಳ್ಳಲ್ಲ. ಆದರೆ ಸಿಂಧನೂರಿನ ಗದ್ದೆಯಲ್ಲಿ ನಾಟಿ ಬಿಟ್ಟು ಕೂರಿಗೆಯಿಂದ ನೇರ ಬಿತ್ತಿದರೆ ಮೀಥೇನೂ ಕಡಿಮೆ, ನೀರೂ ಕಡಿಮೆ. ಉಳಿದ ನೀರು ಮಸ್ಕಿಗೆ ಹರಿದೀತು. ನನ್ನ ಮಾವನಿಗೆ ಅರ್ಥವಾಗುವ ಹವಾಮಾನ ನೀತಿ ಅಂದರೆ ಇದು. ಹಾಗೆ ಬಿತ್ತಿದವನಿಗೆ ಕಳೆ ಕೀಳಿಸುವ ಖರ್ಚು ಹೆಚ್ಚಾಗುತ್ತದೆ. ಅದನ್ನು ಯಾರು ಕೊಡಬೇಕು? ಆ 300 ಬಿಲಿಯನ್ ಇರುವುದು ಇಂಥದ್ದಕ್ಕಲ್ಲದೆ ಮತ್ತೆ ಯಾತಕ್ಕೆ?

ಆದ್ದರಿಂದ ಮುಂದಿನ ಶೃಂಗಸಭೆಯ ಹೆಡ್‌ಲೈನ್ ಬಂದಾಗ ಅಂಕಿ ನೋಡಿ ಲೈಕ್ ಒತ್ತಬೇಡಿ. ಮೂರು ಪ್ರಶ್ನೆ ಕೇಳಿ: ಅಳೆಯೋರು ಯಾರು? ಕೊಡೋರು ಯಾರು? ತಪ್ಪಿದರೆ ಏನು?

2025ರಲ್ಲಿ ಬ್ರೆಜಿಲ್‌ನ ಬೆಲೆಮ್ ಸಭೆಯ ಅಂತಿಮ ನಿರ್ಣಯದಲ್ಲಿ ಕಲ್ಲಿದ್ದಲು, ತೈಲ ಬಿಡುವ ಮಾರ್ಗಸೂಚಿಯೇ ಇರಲಿಲ್ಲ. ಬೇಜಾರಲ್ಲಿ ಮಾವನಿಗೆ ಫೋನ್ ಹಚ್ಚಿ, "ಈ ಸಭಾ ಎಲ್ಲಾ ದಂಡ ಮಾವಾ" ಅಂದೆ.

"ಹಂಗಂತ ಹೋಗಾದು ಬಿಡಬಾರದಪಾ. ನೀರಿನ ಸಭಾಕ್ಕ ಮಸ್ಕಿಯವರು ಹೋಗದ ವರ್ಷ ನಮ್ಮ ಹೆಸರು ಸೈತ ಯಾರೂ ಎತ್ತಲಿಲ್ಲ" ಅಂದರು.