ಸದಸ್ಯರಿಗೆ ಮಾತ್ರ

ಸಾಹಿತ್ಯದ ಪತ್ರಿಕೆಯಲ್ಲಿ ಹೋಟೆಲಿನ ವಿಮರ್ಶೆಯೇ ಎಂದು ಹುಬ್ಬೇರಿಸಬೇಡಿ. ಹಳೆಯ ಕಟ್ಟಡವನ್ನು ಹೊಸ ಬಳಕೆಗೆ ಒಗ್ಗಿಸುವುದೂ ಒಂದು ರೂಪಾಂತರವೇ. ಕಾದಂಬರಿ ಸಿನಿಮಾ ಆದಾಗ ನಾವು ಕೇಳುವ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು?

ಶಿಕಾಗೋದ ಮಿಶಿಗನ್ ಅವೆನ್ಯೂದಲ್ಲಿ, ಮಿಲೆನಿಯಂ ಪಾರ್ಕಿನ ಎದುರಿಗೆ, ಶಿಕಾಗೋ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ಖಾಸಗಿ ಕ್ಲಬ್ಬಿನ ಕಟ್ಟಡವಿದೆ. ವೆನಿಸ್ಸಿನ ಡೋಜ್ ಅರಮನೆಯನ್ನು ನೆನಪಿಸುವ ಇದನ್ನು ವಿನ್ಯಾಸಗೊಳಿಸಿದವರು ಹೆನ್ರಿ ಐವ್ಸ್ ಕಾಬ್, ತೆರೆದದ್ದು 1893ರಲ್ಲಿ. ಅದೇ ವರ್ಷ, ಅದೇ ರಸ್ತೆಯಲ್ಲಿ, ತುಸು ದಕ್ಷಿಣಕ್ಕಿರುವ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನವನ್ನು ಉದ್ದೇಶಿಸಿ ಮಾತನಾಡಿದರು. ಒಂದು ಕಡೆ ನಾನಾ ಧರ್ಮದವರನ್ನು ಕರೆದು ಕೂರಿಸಿದ ಸಭೆ, ಇನ್ನೊಂದು ಕಡೆ ಗಂಡಸರ, ಅದರಲ್ಲೂ ದುಡ್ಡಿದ್ದ ಗಂಡಸರ ಕೂಟ! ಹೆಂಗಸರಿಗೆ ಇಲ್ಲಿ ಸದಸ್ಯತ್ವ ಸಿಕ್ಕಿದ್ದು 1972ರಲ್ಲಿ. 2007ರಲ್ಲಿ ಕ್ಲಬ್ ಮುಚ್ಚಿತು. 2015ರಲ್ಲಿ 241 ಕೋಣೆಗಳ ಹೋಟೆಲಾಗಿ ಮತ್ತೆ ತೆರೆಯಿತು.

ಒಳಾಂಗಣ ರೂಪಿಸಿದ ರೋಮನ್ ಅಂಡ್ ವಿಲಿಯಮ್ಸ್ ಸಂಸ್ಥೆಯ ಕೆಲಸದಲ್ಲಿ ಮೆಚ್ಚಬೇಕಾದದ್ದು ಬಹಳ. ಕೆತ್ತನೆಯ ಮರ, ಬೆಂಕಿಗೂಡುಗಳು ಉಳಿದಿವೆ. ಬ್ಯಾಸ್ಕೆಟ್‌ಬಾಲ್ ಅಂಗಳ ಈಗ ಸಮಾರಂಭದ ಸಭಾಂಗಣ. ಈಜುಕೊಳ ಮಾತ್ರ ನೆಲದಡಿ ಸೇರಿ 'ಟ್ಯಾಂಕ್' ಎಂಬ ಇನ್ನೊಂದು ಸಭಾಂಗಣವಾಯಿತು. ನೀರು ಉಳಿದಿರುವುದು ಹೆಸರಿನಲ್ಲಿ. ಮಂಚದ ಕಾಲಬಳಿಯ ಬೆಂಚು ಜಿಮ್ನಾಸ್ಟಿಕ್ಸಿನ ಚರ್ಮದ ಕುದುರೆಯಂತಿದೆ. ತಮಾಷೆ ಚೆನ್ನಾಗಿದೆ, ಆದರೆ ನನ್ನ ತಕರಾರು ಶುರುವಾಗುವುದೂ ಅಲ್ಲಿಂದಲೇ. ಸದಸ್ಯರ ಕಸರತ್ತು, ಮದ್ಯನಿಷೇಧ ಕಾಲದ ಗುಟ್ಟಿನ ಕುಡಿತ ಇವೆಲ್ಲ ಅಲಂಕಾರಕ್ಕೆ ಒದಗಿದವು. ಬಾಗಿಲ ಹೊರಗೆ ನಿಂತವರು, ಒಳಗೆ ಟವೆಲ್ ಒಗೆದವರು ಈ ವಿನ್ಯಾಸದಲ್ಲಿ ಎಲ್ಲೂ ಕಾಣಲಿಲ್ಲ. ಕತೆಯನ್ನು ನಾಯಕನ ಬಾಯಿಂದಲೇ ಕೇಳಿದ ಹಾಗಾಯಿತು.

ಸಾಲದ್ದಕ್ಕೆ, ತೆರೆದಾಗಲೇ ಮಿಲ್ಕ್ ರೂಮ್ ಎಂಬ ಎಂಟೇ ಆಸನಗಳ ಬಾರನ್ನೂ ಇಟ್ಟರು. ಹಳೆಯ 'ಸದಸ್ಯರಿಗೆ ಮಾತ್ರ' ಹೊಸ ವೇಷದಲ್ಲಿ ಬಂದಿತು. ಚೀಟಿಯ ಬದಲು ಜೇಬು ನೋಡುತ್ತಾರೆ, ಅಷ್ಟೇ.

ಆದರೂ ಎರಡನೆಯ ಮಹಡಿಯ ಡ್ರಾಯಿಂಗ್ ರೂಮ್ ಇದಕ್ಕೆ ಅಪವಾದ. ಕೋಣೆ ಹಿಡಿಯದವರೂ ಅಲ್ಲಿ ಕೂರಬಹುದು. 1971ರಲ್ಲಿ ಸದಸ್ಯೆಯಾಗಲಾರದಿದ್ದ ಹೆಣ್ಣುಮಗಳು ಇಂದು ಲ್ಯಾಪ್‌ಟಾಪ್ ಬಿಚ್ಚಿ, ಒಂದು ಕಾಫಿಯ ಮೇಲೆ ಮಧ್ಯಾಹ್ನವೆಲ್ಲ ಕಳೆಯಬಹುದು. ಶಿಕಾಗೋಗೆ ಹೋದರೆ ಆ ಬೆಂಕಿಗೂಡಿನ ಬಳಿ ಜಾಗ ಹಿಡಿಯಿರಿ. ಎಂಟು ಆಸನದ ಬಾರಿಗಾಗಿ ಕಾಯಬೇಕಾಗಿಲ್ಲ.