ಎರಡು ಹೆಸರಿನವರ ಕತೆ

ಹಲಬರ್ಗಾದಿಂದ ಬೀದರಿಗೆ ಹೋಗುವ ಪ್ಯಾಸೆಂಜರಿನಲ್ಲಿ ಬಾಮಾ ಅವರ ‘ಕರುಕ್ಕು’ವಿನ ಇಂಗ್ಲಿಷ್ ಅನುವಾದ ಓದುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೈಸ್ಕೂಲಿನ ಗೆಳೆಯ ಹಿಂಬದಿಯ ಪರಿಚಯ ಓದಿ, ‘ಇವರು ಕ್ರಿಶ್ಚಿಯನ್ನರೋ, ಎಸ್‌ಸಿನೋ?’ ಅಂದ. ಎರಡೂ ಅಂದೆ. ‘ಹಂಗಾದ್ರ ನಮ್ಮಂಥವರೇ’ ಎಂದು ನಕ್ಕ. ಶಾಲೆಯ ದಾಖಲೆಯಲ್ಲಿ ಅವನಿಗೊಂದು ಹೆಸರು, ಚರ್ಚಿನ ರಿಜಿಸ್ಟರಿನಲ್ಲಿ ಇನ್ನೊಂದು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದರೂ ಎರಡನೆಯ ಹೆಸರು ನನಗೆ ತಿಳಿದದ್ದು ಅವನ ತಂಗಿಯ ಮದುವೆಯ ಪತ್ರಿಕೆ ಕೈಗೆ ಬಂದಾಗ.

ಕ್ರೈಸ್ತರ ಐಕ್ಯ ಎಂದ ಕೂಡಲೇ ಪುಸ್ತಕಗಳು 1947ರ ಸೆಪ್ಟೆಂಬರ್ 27ನ್ನು ನೆನೆಯುತ್ತವೆ. ಅಂದು ಮದ್ರಾಸಿನಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಮೈಸೂರು ಸೀಮೆಯ ಮೆಥಡಿಸ್ಟರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು, ಅದರೊಳಗೆ ಸೇರಿದರು. ನಿಜಾಮನ ರಾಜ್ಯದಲ್ಲಿದ್ದ ಬೀದರಿನ ಮೆಥಡಿಸ್ಟರು ಅಮೆರಿಕನ್ ಮಿಷನ್ನಿನವರು, ಹೊರಗುಳಿದರು. 1970ರಲ್ಲಿ ಉತ್ತರ ಭಾರತ ಸಭೆ ಆಗುವಾಗಲೂ ಅಮೆರಿಕನ್ ಮೆಥಡಿಸ್ಟರು ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ನಮ್ಮ ಕೇರಿಗಳ ಜನ ಯಾವ ಪಂಗಡದವರು ಎಂಬುದನ್ನು ಹೀಗೆ ಎಲ್ಲೋ ದೂರದವರು ಗೊತ್ತುಮಾಡಿದರು. ಈ ಚರಿತ್ರೆ ಗೊತ್ತಿರಬೇಕು. ಆದರೆ ರೈಲಿನಲ್ಲಿ ಗೆಳೆಯ ಕೇಳಿದ್ದು ಇದನ್ನಲ್ಲ.

ಕನ್ನಡ ಕಾವ್ಯ ಕ್ರಿಸ್ತನಿಗೆ ಜಾಗ ಕೊಟ್ಟಿದೆ. ಗೋವಿಂದ ಪೈಗಳ ‘ಗೊಲ್ಗೊಥಾ’ ಇದೆ. ಕ್ರೈಸ್ತ ಸಂವೇದನೆ ಎಂದರೆ ನಮ್ಮ ವಿಮರ್ಶೆಗೆ ನಾ. ಡಿಸೋಜ, ಮಲೆನಾಡು, ಕರಾವಳಿ. ದಲಿತ ಸಂವೇದನೆ ಎಂದರೆ ಸಿದ್ಧಲಿಂಗಯ್ಯ, ದೇವನೂರ, ಅರವಿಂದ ಮಾಲಗತ್ತಿ. ಎರಡೂ ಕಪಾಟುಗಳು ತುಂಬಿವೆ, ಎರಡರಲ್ಲೂ ಬೀದರಿನ ಕೇರಿಯ ಚರ್ಚಿಗೆ ಜಾಗವಿಲ್ಲ. ಪಕ್ಕದ ತೆಲುಗಿನಲ್ಲಿ ಹಾಗಾಗಿಲ್ಲ. ಕ್ರೈಸ್ತ ಮನೆಯಲ್ಲಿ ಬೆಳೆದ ಗುರ್ರಂ ಜಾಷುವಾ 1941ರ ‘ಗಬ್ಬಿಲಂ’ನಲ್ಲಿ ಕಾಶಿಯ ಶಿವನಿಗೆ ಬಾವಲಿಯ ಕೈಲಿ ಸಂದೇಶ ಕಳಿಸುತ್ತಾರೆ. ಗುಡಿಯೊಳಗೆ ಅಸ್ಪೃಶ್ಯನಿಗೆ ಪ್ರವೇಶವಿಲ್ಲ, ಬಾವಲಿಗೆ ಇದೆ! ಮುಂದೆ ಅದೇ ಕವಿ ‘ಕ್ರೀಸ್ತು ಚರಿತ್ರ’ವನ್ನೂ ಬರೆದರು, 1964ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶಿವನನ್ನು ದೂರುವವನೂ ಕ್ರಿಸ್ತನನ್ನು ಹಾಡುವವನೂ ಒಬ್ಬನೇ. ಜಾಷುವಾ ಯಾವ ಕಪಾಟಿನವರು?

‘ಕರುಕ್ಕು’ (1992) ಇನ್ನೊಂದು ಬಗೆಯದು. ಬಡ ಮಕ್ಕಳಿಗೆ ಕಲಿಸಬೇಕೆಂದು ಕಾನ್ವೆಂಟ್ ಸೇರಿದ ಹೆಣ್ಣುಮಗಳು ಅಲ್ಲಿಯೂ ಜಾತಿಯನ್ನೇ ಕಂಡು ಹೊರಬರುವ ಕತೆ. ಅದರ ಸಿಟ್ಟು ನಿಜವಾದದ್ದು. ಆದರೆ ಬಾಮಾ ಬರೆದಂತೆ ಬೀದರನ್ನು ಬರೆಯಲಾಗದು ಎಂದು ನನಗನಿಸುತ್ತದೆ. ಆ ಚರ್ಚಿನಲ್ಲಿ ಮೇಲಿನವರೂ ಕೆಳಗಿನವರೂ ಇದ್ದಾರೆ, ತಾರತಮ್ಯ ಕಣ್ಣೆದುರೇ ನಡೆಯುತ್ತದೆ. ನಾನು ಕಂಡ ನಮ್ಮ ಕಡೆಯ ಸಭೆಗಳಲ್ಲಿ ಬಹುಪಾಲು ಒಂದೇ ಕೇರಿಯವರು. ಒಳಗೆ ಭೇದ ಕಾಣುವುದಿಲ್ಲ, ಯಾಕೆಂದರೆ ಉಳಿದವರು ಒಳಗೆ ಬರಲೇ ಇಲ್ಲ.

ಆ ತಂಗಿಯ ಮದುವೆಗೆ ಹೋಗಿದ್ದೆ. ವರನ ಮನೆಯವರು ಎಲ್ಲಮ್ಮನ ಒಕ್ಕಲು, ಅವನ ದೊಡ್ಡಪ್ಪ ಬೌದ್ಧ. ಪಾಸ್ಟರ್ ಪ್ರಾರ್ಥನೆ ಮಾಡಿದರು, ದೊಡ್ಡಪ್ಪ ಜೈ ಭೀಮ್ ಹೇಳಿ ಅಕ್ಕಿ ಕಾಳು ಹಾಕಿದರು. ಗೆಳೆಯನ ತಾಯಿ ನನಗೆ ಹೇಳಿದ್ದು ಇಷ್ಟೇ: ‘ದೇವರು ಯಾವುದಿದ್ದರೂ ನಡೀತದಪ್ಪಾ, ಮಂದಿ ನಮ್ಮವರಿರಬೇಕು.’ ಮೂರು ಧರ್ಮ ಒಂದೇ ಪಂಕ್ತಿಯಲ್ಲಿ ಕೂತು ಉಂಡವು. ಚರ್ಚಿನ ಐಕ್ಯ ಜಾತಿಯನ್ನು ದಾಟಿಲ್ಲ, ಕೇರಿಯ ಐಕ್ಯ ಧರ್ಮವನ್ನು ಸಲೀಸಾಗಿ ದಾಟಿದೆ. ಇದನ್ನು ನೋಡಿ ಸಂತೋಷಪಡುವುದು ಸುಲಭ. ಆದರೆ ಆ ಪಂಕ್ತಿಯನ್ನು ಕೂಡಿಸಿದ್ದೂ ಜಾತಿಯೇ.

ಕಾನೂನಿಗೆ ಮಾತ್ರ ಈ ಪಂಕ್ತಿ ಕಾಣುವುದಿಲ್ಲ. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಹಿಂದೂಗಳಿಗೆ, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅನ್ವಯವಾಯಿತು, ಕ್ರೈಸ್ತರಿಗೆ ಇಲ್ಲ. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ, ಹಿಂದೂ ಚಮ್ಮಾರರಿಗೆ ಸರ್ಕಾರ ಕೊಟ್ಟ ಗೂಡಂಗಡಿ ತನಗೂ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ಮತಾಂತರದ ನಂತರವೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು 1985ರಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಗೆಳೆಯನ ಎರಡು ಹೆಸರಿನ ಹಿಂದಿರುವುದು ಇದೇ. ಅದನ್ನು ಕಳ್ಳತನ ಎನ್ನುವವರನ್ನು ಬಲ್ಲೆ, ನನ್ನ ಬಳಗದಲ್ಲೇ ಇದ್ದಾರೆ.

ನಾನು ಆ ಕೇರಿಯವನಲ್ಲ, ಲಿಂಗಾಯತರ ಮನೆಯವನು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂಬ ಕಲ್ಯಾಣದ ಕತೆ ಕೇಳಿ ಬೆಳೆದವನು. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮ ಮನೆಯಿಂದ ಆ ಕೇರಿಗೆ ಇಂದಿಗೂ ಒಂದು ಹೆಣ್ಣು ಹೋಗಿಲ್ಲ, ಅಲ್ಲಿಂದ ಒಬ್ಬ ಸೊಸೆ ಬಂದಿಲ್ಲ. ಹಾಗಾಗಿ ಚರ್ಚಿನ ಐಕ್ಯ ಸೋತಿದೆ ಎಂದು ಬರೆಯುವಾಗ ನನ್ನ ಕೈ ತಡೆಯುತ್ತದೆ.

ನನ್ನ ಸಿನಾಪ್ಸಿಸ್‌ನಲ್ಲಿ ‘ಕ್ರೈಸ್ತ ಬರಹ’, ‘ದಲಿತ ಬರಹ’ ಎಂದು ಎರಡು ಅಧ್ಯಾಯಗಳಿದ್ದವು. ಅವನ್ನು ಒಂದು ಮಾಡಿ ಗೈಡ್ ಕೈಗೆ ಕೊಟ್ಟಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.